ಹಳೇ ಹೈವೇ ಹೋಟ್ಲು: ಮುಚ್ಚೋದಾ, ಜಾಗ ಬದಲಾಯ್ಸೋದಾ, ಅಪ್ಪನ ಜೊತೆ ಜಗಳ ಆಡೋದಾ?

ಹಳೇಹೈವೇ_ಹುಡ್ಗ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಟೈಮಿದ್ರೆ ಓದಿ. ಮಂಡ್ಯ ದಾಟಿ ಮೈಸೂರು ಕಡೆ ಹೋಗೋ ಹಳೇ ರೋಡಲ್ಲಿ ನಮ್ಮದೊಂದು ವೆಜ್ ಹೋಟ್ಲಿದೆ, ಹೆಸರು ಬೇಡ ಬಿಡಿ. ಅಪ್ಪ 1998ರಲ್ಲಿ ನಾಲ್ಕು ಬೆಂಚು ಹಾಕ್ಕೊಂಡು ಶುರು ಮಾಡಿದ್ದು. ಇಡ್ಲಿ ವಡೆ, ಸೆಟ್ ದೋಸೆ, ಕಾಫಿ, ಅಷ್ಟೇ. ಬೆಂಗಳೂರಿನ ಕಾರು, ದಸರಾ ಟೈಮಲ್ಲಿ ಟೂರಿಸ್ಟ್ ಬಸ್ಸು, ಭಾನುವಾರ ಬಂತು ಅಂದ್ರೆ ಕೈ ತೊಳೆಯೋಕೂ ಕ್ಯೂ. 2017ರಲ್ಲಿ ಅಪ್ಪ 18 ಲಕ್ಷ ಸಾಲ ತಗೊಂಡು ಮೇಲೆ ಎಸಿ ಹಾಲ್ ಕಟ್ಟಿಸಿದ್ರು.

ಆಮೇಲೆ ನಿಮಗೆಲ್ಲ ಗೊತ್ತಿರೋದೇ, 2023ರ ಮಾರ್ಚಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು, ಬಿಡದಿ ರಾಮನಗರ ಚನ್ನಪಟ್ಟಣ ಮದ್ದೂರು ಮಂಡ್ಯ ಶ್ರೀರಂಗಪಟ್ಟಣ ಎಲ್ಲ ಬೈಪಾಸು. ಅದಕ್ಕೂ ಮುಂಚೆನೇ ವ್ಯಾಪಾರ ಇಳೀತಿತ್ತು, ಆದ್ರೆ ಒಂದು ದಿನ ಚೆನ್ನಾಗಿ ನೆನಪಿದೆ. ಉದ್ಘಾಟನೆ ಆದ್ಮೇಲಿನ ಭಾನುವಾರ. ಎಂದಿನಂತೆ ಬೆಳಗ್ಗೆ ಮೂರೂವರೆಗೆ ಎದ್ದು ಉದ್ದಿನಹಿಟ್ಟು ರುಬ್ಬಿದ್ದು, ನಾನ್ನೂರು ವಡೆಗೆ ಆಗೋಷ್ಟು. ಹತ್ತು ಗಂಟೆಗೆ ಅಪ್ಪ ಕ್ಯಾಶ್ ಟೇಬಲ್ ಬಿಟ್ಟು ಬಾಗಿಲಿಗೆ ಬಂದು ನಿಂತ್ರು. ರೋಡಿನ ನಟ್ಟ ನಡುವೆ ಒಂದು ಹಸು ಮಲಗಿತ್ತು, ಮೆಲುಕು ಹಾಕ್ಕೊಂಡು. 25 ವರ್ಷದಲ್ಲಿ ಆ ರೋಡಲ್ಲಿ ಹಸು ಮಲಗಿದ್ದು ನಾವ್ಯಾರೂ ನೋಡಿರಲಿಲ್ಲ. ಅಪ್ಪ ಏನೂ ಮಾತಾಡ್ಲಿಲ್ಲ, ಒಳಗೆ ಹೋಗಿ ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿದ್ರು.

ಈಗ ಪ್ರಶ್ನೆ ಏನಂದ್ರೆ, ಎಕ್ಸ್‌ಪ್ರೆಸ್‌ವೇ ಸರ್ವಿಸ್ ರೋಡಲ್ಲಿ ಒಬ್ರು ಜಾಗ ಕೊಡ್ತೀನಿ ಅಂತಿದಾರೆ. 8 ಲಕ್ಷ ಅಡ್ವಾನ್ಸು, ತಿಂಗಳಿಗೆ 70 ಸಾವಿರ ಬಾಡಿಗೆ, ಐದು ವರ್ಷದ ಅಗ್ರಿಮೆಂಟು, ಮಧ್ಯದಲ್ಲಿ ಬಿಟ್ರೆ ಅಡ್ವಾನ್ಸ್ ವಾಪಸ್ ಇಲ್ಲ. ನನಗೆ ಹೋಗೋಣ ಅನ್ಸುತ್ತೆ. ಅಪ್ಪನಿಗೆ ಇಲ್ಲೇ ಇರೋಣ, ಜನ ವಾಪಸ್ ಬರ್ತಾರೆ ಅಂತ. ನಾನು ಬೆಂಗಳೂರಲ್ಲಿ ಆರು ವರ್ಷ ಕೆಲಸ ಮಾಡಿ ಲಾಕ್‌ಡೌನಲ್ಲಿ ಊರಿಗೆ ಬಂದೋನು, ಹಂಗಾಗಿ ನನ್ನ ಮಾತಿಗೆ ಮನೇಲಿ ತೂಕ ಕಮ್ಮಿ. ಆ ಎಸಿ ಹಾಲ್ ಕಟ್ಟಿಸಿದ್ದೇ ತಪ್ಪು ಅಂತ ನಾನು ಒಂದ್ಸಲ ಬಾಯಿಬಿಟ್ಟು ಹೇಳ್ಬಿಟ್ಟೆ, ಅವತ್ತಿಂದ ಇಬ್ರೂ ಸರಿಯಾಗಿ ಮಾತಾಡಿಲ್ಲ. ನೀವೇನ್ ಮಾಡ್ತಿದ್ರಿ?

ವಡೆ_ಬೇಡ
ಮೊದಲೇ ಹೇಳ್ಬಿಡ್ತೀನಿ, ಇಲ್ಲಿ ಯಾರೂ ಮದ್ದೂರು ವಡೆ ಕಥೆ ಹೇಳ್ಬಾರ್ದು. ಟ್ರೈನ್ ಬೇಗ ಬಂತು, ಪಕೋಡ ಹಿಟ್ಟನ್ನ ತಟ್ಟಿ ಎಣ್ಣೆಗೆ ಬಿಟ್ರು, 1917, ಇತಿಹಾಸ ಆಯ್ತು. ಗೊತ್ತು. ನಮ್ಮ ಕಾಲೇಜಿಗೆ ಬಂದ ಪ್ರತಿಯೊಬ್ಬ ಮೋಟಿವೇಷನ್ ಸ್ಪೀಕರೂ ಅದನ್ನೇ ಹೇಳಿದಾನೆ. ಟ್ರೈನೇ ಬರದೇ ಇದ್ರೆ ಏನ್ ಮಾಡ್ಬೇಕು ಅಂತ ಒಬ್ಬನೂ ಹೇಳಿಲ್ಲ.

ಆಲೆಮನೆ_ಅಚ್ಚು
ಅಣ್ಣೋ ನಿಮ್ ಕತೆ ಓದಿ ನಮ್ದೇ ಓದ್ದಂಗಾಯ್ತು. ನಮ್ದು ಪಾಂಡವಪುರದ ಕಡೆ ಆಲೆಮನೆ. ಬೆಲ್ಲದ ಬಣ್ಣ ಬೆಳ್ಳಗೆ ಬರ್ಲಿ ಅಂತ ಎಲ್ರೂ ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕ್ತಾರೆ, ಮಂಡೀಲಿ ಬಣ್ಣ ನೋಡೇ ರೇಟ್ ಕಟ್ಟಾದು. ನಾನು 2022ರಲ್ಲಿ ಇನ್ ಮ್ಯಾಕೆ ಹೈಡ್ರೋಸ್ ಮುಟ್ಟಾಕಿಲ್ಲ ಅಂತ ನಿರ್ಧಾರ ಮಾಡ್ದೆ. ಬರೀ ಒಸಿ ಸುಣ್ಣ, ಬೆಂಡೆ ಗಿಡ ಜಜ್ಜಿದ ಲೋಳೆ, ಕೊಳೆ ಮ್ಯಾಕೆ ಬತ್ತದೆ, ಜಾಲರೀಲಿ ಎತ್ತಿ ಎಸುದ್ರೆ ಆಯ್ತು. ಬೆಲ್ಲ ಚೆನ್ನಾಗೇ ಬಂತು ಆದ್ರೆ ಬಣ್ಣ ಕಪ್ಪು. ಮಂಡೀಲಿ ವ್ಯಾಪಾರಿ ಒಂದು ಅಚ್ಚು ಮುರ್ದು ನೋಡಿ ನಕ್ಬುಟ್ಟ. ರೇಟ್ ಕಮ್ಮಿ. ಮೈಸೂರಲ್ಲಿ ಸಾವಯವ ಅಂಗಡಿಯೋರು ತಗತೀವಿ ಅಂದ್ರು, ಸಂತೋಷ ಪಟ್ಕಂಡೆ, ಕೊನೆಗೆ ನೋಡುದ್ರೆ ಅವ್ರಿಗೆ ತಿಂಗಳಿಗೆ ಬೇಕಾದ್ದು ಐವತ್ತು ಕೆಜಿ. ಹತ್ತು ಕೆಜಿ ಕಬ್ಬು ಅರುದ್ರೆ ಹೆಚ್ಚುಕಮ್ಮಿ ಒಂದು ಕೆಜಿ ಬೆಲ್ಲ, ಐವತ್ತು ಕೆಜಿ ಬೆಲ್ಲಕ್ಕೆ ಒಂದು ಗಾಡಿ ಕಬ್ಬೂ ಬ್ಯಾಡ, ಗಾಣ ತಿರುಗ್ಸೋ ಕರೆಂಟ್ ಖರ್ಚೂ ಹುಟ್ಟಾಕಿಲ್ಲ.

ಅದರ ಮ್ಯಾಲೆ 2023ರಲ್ಲಿ ಮಳೆ ಕೈಕೊಡ್ತು, ಕಟ್ಟೆ ತುಂಬ್ಲಿಲ್ಲ, ನಾಲೆ ನೀರು ಸರಿಯಾಗಿ ಬರ್ಲಿಲ್ಲ, ಕಬ್ಬು ಒಣಗೋಯ್ತು. ಆಗ ಊರೋರೆಲ್ಲ ಏನಂದ್ರು ಗೊತ್ತಾ, ನೋಡ್ಲಾ ಹೈಡ್ರೋಸ್ ಬುಟ್ಟು ಆಲೆಮನೆ ಮುಚ್ಕಂಡ ಅಂತ. ಮಳೆ ಬರ್ದೇ ಇದ್ದುದ್ದಕ್ಕೂ ಹೈಡ್ರೋಸಿಗೂ ಏನ್ ಸಂಬಂಧ? ಆದ್ರೂ ಜನ ಹೇಳಿ ಹೇಳಿ ನಂಗೂ ಅಂಗೇ ಅನ್ಸಕ್ಕೆ ಶುರುವಾಯ್ತು. ಯಾವುದು ನನ್ ತಪ್ಪು, ಯಾವುದು ಮಳೆ ತಪ್ಪು ಅಂತ ಬ್ಯಾರೆ ಮಾಡಕ್ಕೇ ಎರಡು ವರ್ಸ ಹಿಡೀತು.

ಈಗ ಒಂದು ಕೆಲ್ಸ ಮಾಡ್ತೀನಿ. ಏನೇ ದೊಡ್ ನಿರ್ಧಾರ ಇದ್ರೂ ಅವತ್ತೇ ಇದ್ದಲಲ್ಲಿ ಆಲೆಮನೆ ಗೋಡೆ ಮ್ಯಾಲೆ ಬರೀತೀನಿ. ತಾರೀಕು, ಏನ್ ಮಾಡ್ತಾ ಇವ್ನಿ, ಯಾಕೆ, ಏನಾಯ್ತದೆ ಅಂತ ಅಂದ್ಕಂಡಿವ್ನಿ. ಆಮ್ಯಾಕೆ ಯಾವನೂ ಬಂದು ನಾನ್ ಆಗ್ಲೇ ಹೇಳಿರ್ಲಿಲ್ವಾ ಅನ್ನಂಗಿಲ್ಲ, ನಾನೂ ನಂಗೇ ಸುಳ್ ಹೇಳ್ಕಳಂಗಿಲ್ಲ. ಒಂದೇ ತೊಂದ್ರೆ, ಒಲೆ ಪಕ್ಕದ ಗೋಡೆ ಮ್ಯಾಲೆ ಬರ್ದಿದ್ದು ಹೊಗೆಗೆ ಮುಚ್ಚೋಯ್ತು.

ರಿಟೈರ್ಡ್_ಕ್ಯಾಶಿಯರ್
ಮಗು, ನಾನು ಬ್ಯಾಂಕಲ್ಲಿ 31 ವರ್ಷ ಇದ್ದೋನು, ಮೊದಲು ಕ್ಯಾಶು, ಕೊನೆಯ ಹತ್ತು ವರ್ಷ ಸಾಲದ ಸೆಕ್ಷನ್ನು. ಒಂದು ಕಹಿ ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ.

ಎಸಿ ಹಾಲಿಗೆ ಹಾಕಿದ 18 ಲಕ್ಷ ಹೋಯ್ತು. ಅದರ ಕಂತು ಕಟ್ಟಲೇಬೇಕು, ಮುಚ್ಚಿದ್ರೂ ಕಟ್ಟಬೇಕು, ಇದ್ರೂ ಕಟ್ಟಬೇಕು, ಹೊಸ ಜಾಗಕ್ಕೆ ಹೋದ್ರೂ ಕಟ್ಟಬೇಕು. ಯಾವ ದಾರೀಲಿ ಹೋದ್ರೂ ಅದು ಅಷ್ಟೇ ಇರೋದ್ರಿಂದ ದಾರಿ ಆರಿಸೋವಾಗ ಅದನ್ನ ಲೆಕ್ಕಕ್ಕೇ ಇಟ್ಕೋಬಾರ್ದು. ನಿಮ್ಮ ತಂದೆ ಇಲ್ಲೇ ಇರೋಣ ಅನ್ನೋದರಲ್ಲಿ ಅರ್ಧ ಆ ಹಾಲಿನ ಮೇಲಿನ ಮಮತೆ. ನೀವು ಹೋಗೋಣ ಅನ್ನೋದರಲ್ಲಿ ಅರ್ಧ ಆ ಹಾಲಿನ ಮೇಲಿನ ಸಿಟ್ಟು. ಇಬ್ಬರೂ ಹಾಲಿನ ಬಗ್ಗೆನೇ ಜಗಳ ಆಡ್ತಿದೀರಿ, ಹೋಟ್ಲಿನ ಬಗ್ಗೆ ಅಲ್ಲ.

ಮತ್ತೆ ಆ ಹಾಲ್ ಕಟ್ಟಿಸಿದ್ದು ತಪ್ಪು ಅಂದ್ರಲ್ಲ. 2017ರಲ್ಲೇ ಬೈಪಾಸ್ ಸುದ್ದಿ ಪೇಪರಲ್ಲಿ ಬರ್ತಿತ್ತು, 2018ರ ಫೆಬ್ರವರಿಲಿ ಶಂಕುಸ್ಥಾಪನೆನೂ ಆಯ್ತು. ಅಂದ್ರೆ ಗೊತ್ತಾಗೋ ವಿಷಯವೇ. ನಿಮ್ಮ ತಂದೆ ಕೇಳ್ಲಿಲ್ಲ, ನಿಜ. ಆದ್ರೆ ಸಾಲ ಮಂಜೂರು ಮಾಡಿದ ನಮ್ಮಂಥೋರೂ ಕೇಳ್ಲಿಲ್ಲ. ಫೈಲಲ್ಲಿ ಮೂರು ವರ್ಷದ ವ್ಯಾಪಾರದ ಲೆಕ್ಕ ಇತ್ತು, ಜಾಗದ ಪತ್ರ ಇತ್ತು, ಜಾಮೀನು ಇತ್ತು. ಮುಂದೆ ಆ ರೋಡಲ್ಲಿ ಕಾರು ಓಡಾಡುತ್ತಾ ಅಂತ ಕೇಳೋ ಕಾಲಮ್ಮೇ ಅರ್ಜೀಲಿ ಇರಲಿಲ್ಲ. ಆ ಥರದ ಫೈಲಿಗೆ ನಾನೇ ಎಷ್ಟೋ ಸೈನ್ ಹಾಕಿದೀನಿ. ಹಂಗಾಗಿ ತಂದೆಯವರೊಬ್ರನ್ನೇ ಕಟಕಟೆಗೆ ಹತ್ತಿಸಬೇಡಿ.

ಕಟ್ಟೆ_ನೀರು
ಕ್ಯಾಶಿಯರ್ ಸಾರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ನಾನು ಮೇಷ್ಟ್ರು, ಇತಿಹಾಸ ನನ್ನ ಹುಚ್ಚು. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾದಾಗ ಮದ್ರಾಸಿನ ತಕರಾರಿಂದ ಅನುಮತಿ ಸಿಕ್ಕಿದ್ದು 80 ಅಡಿಗೆ ಮಾತ್ರ, 11 ಟಿಎಂಸಿ. ವಿಶ್ವೇಶ್ವರಯ್ಯನವರು ಪಾಯ ಹಾಕಿಸಿದ್ದು ಪೂರ್ತಿ ಎತ್ತರಕ್ಕೆ ಆಗೋ ಹಾಗೆ ಅಗಲವಾಗಿ. ಕೇಸು ಮಧ್ಯಸ್ಥಿಕೆಗೆ ಹೋಯ್ತು, 1914ರಲ್ಲಿ ಗ್ರಿಫಿನ್ ತೀರ್ಪು ಮೈಸೂರಿನ ಕಡೆ ಬಂತು, ಮದ್ರಾಸು ಮತ್ತೆ ಮೇಲ್ಮನವಿ, ಕೊನೆಗೆ ಒಪ್ಪಂದ ಆಗಿದ್ದು 1924ರಲ್ಲಿ. ಈಗ ನಾವು ಪೇಪರಲ್ಲಿ 124.80 ಅಡಿ ತುಂಬಿತು, 49 ಟಿಎಂಸಿ ಅಂತ ಓದಿ ಖುಷಿ ಪಡ್ತೀವಲ್ಲ, ಅದು ಅವತ್ತಿನ ಪಾಯದ ಮೇಲೆ ನಿಂತಿರೋದು.

ಎಲ್ಲರೂ ಇದನ್ನ ದೂರದೃಷ್ಟಿ ಅಂತ ಹೇಳ್ತಾರೆ. ನಾನೂ ಕ್ಲಾಸಲ್ಲಿ ಹಂಗೇ ಹೇಳ್ತಿದ್ದೆ. ಒಬ್ಬ ಹುಡುಗಿ ಎದ್ದು ಕೇಳಿದ್ಲು, ಸಾರ್, 1924ರಲ್ಲಿ ಒಪ್ಪಂದ ಆಗದೇ ಇದ್ದಿದ್ರೆ ಅದನ್ನ ಏನಂತ ಕರೀತಿದ್ವಿ? ದುಂದುವೆಚ್ಚ ಅಂತಿದ್ವಿ, ಇನ್ನೇನು. ಅದೇ ಪಾಯ, ಅದೇ ಕಲ್ಲು, ಅದೇ ಮನುಷ್ಯ. ನಿಮ್ಮಪ್ಪನ ಎಸಿ ಹಾಲೂ ಒಂದು ಥರ ಅಗಲವಾಗಿ ಹಾಕಿದ ಪಾಯಾನೇ. ಮೇಲೆ ಕಟ್ಟೆ ಏಳಲಿಲ್ಲ ಅಷ್ಟೇ.

ವಡೆ_ಬೇಡ
ಹೋಲಿಕೆ ಸ್ವಲ್ಪ ಜಾಸ್ತಿ ಆಯ್ತು ಮೇಷ್ಟ್ರೇ 😄 ಅವರು ಕೇಸ್ ನಡೀತಿದೆ ಅಂತ ಗೊತ್ತಿದ್ದೇ ಪಾಯ ಹಾಕಿದ್ದು. ಇವ್ರಪ್ಪನಿಗೆ ಬೈಪಾಸ್ ವಿಷಯ ತಲೇಲೇ ಇರಲಿಲ್ಲ. ರಿಸ್ಕ್ ಗೊತ್ತಿದ್ದು ಹೊರೋದು ಬೇರೆ, ರಿಸ್ಕ್ ಇದೆ ಅಂತಲೇ ಗೊತ್ತಿಲ್ದೆ ಹೊರೋದು ಬೇರೆ.

ಕಟ್ಟೆ_ನೀರು
ಒಪ್ಪಿದೆ. ಅದು ಸರಿಯಾದ ಪಾಯಿಂಟು.

ಎಲೆ_ಅಡಿಕೆ
ಕಟ್ಟೆ ಕಟ್ಟಿದ್ದು ಸರೀನಾ ತಪ್ಪಾ ಅಂತ ಕೇಳೋದಾದ್ರೆ ಮುಳುಗಡೆ ಆದ ಕನ್ನಂಬಾಡಿಯವರನ್ನೂ ಒಂದು ಮಾತು ಕೇಳಿ. ನಮ್ಮ ಅಜ್ಜಿ ತೌರು ಆ ಕಡೆ. ನೀರು ಇಳಿದಾಗ ವೇಣುಗೋಪಾಲಸ್ವಾಮಿ ಗುಡಿ ಕಾಣ್ಸೋದು, ಈಗ ಅದನ್ನ ಹೊಸ ಕನ್ನಂಬಾಡಿಗೆ ತಂದು ಕಟ್ಟಿದಾರೆ, ಅಜ್ಜಿ ಇರೋವರೆಗೂ ಕಟ್ಟೆ ಅಂತ ಒಂದಿನಾನೂ ಅನ್ಲಿಲ್ಲ, ನೀರು ಬಂದ ಜಾಗ ಅಂತಿದ್ರು. ಲೀಡರುಗಳ ನಿರ್ಧಾರ ಬೇರೆಯವರ ಮನೆ ಬಾಗಿಲಿಗೇ ಬರೋದು. ಎಕ್ಸ್‌ಪ್ರೆಸ್‌ವೇನೂ ಹಂಗೇ ಅಲ್ವಾ? ನಾವೆಲ್ಲ ಒಂದೂವರೆ ಗಂಟೇಲಿ ಬೆಂಗಳೂರು ಅಂತ ಖುಷಿಯಾಗಿದೀವಿ.

ಎಚ್ಚಾರ್_ಹೆಬ್ಬಾಳು
ನಾನು ಮೈಸೂರು ಹೆಬ್ಬಾಳು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫ್ಯಾಕ್ಟರಿಲಿ ಎಚ್ಚಾರ್. ಎರಡು ವಿಷಯ ಹೇಳ್ತೀನಿ, ಬೈಬೇಡಿ. ಒಂದು, ಅಮೆಜಾನಿನ ಜೆಫ್ ಬೆಜೋಸ್ ಷೇರುದಾರರಿಗೆ ಬರೆದ ಪತ್ರದಲ್ಲಿ ನಿರ್ಧಾರಗಳನ್ನ ಎರಡು ಥರದ ಬಾಗಿಲು ಅಂತ ಹೇಳಿದಾರೆ. ಒಂದರಲ್ಲಿ ಒಳಗೆ ಹೋಗಿ ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಬರಬಹುದು. ಇನ್ನೊಂದರಲ್ಲಿ ಹೋದ್ರೆ ಹೋದಂಗೇ. ಮೊದಲನೇ ಥರದ್ದನ್ನ ಬೇಗ ಮಾಡ್ಬೇಕು, ಎರಡನೇದನ್ನ ನಿಧಾನವಾಗಿ. ನಮ್ಮಲ್ಲಿ ಉಲ್ಟಾ, ಕ್ಯಾಂಟೀನ್ ಮೆನು ಬದಲಾಯ್ಸೋಕೆ ಆರು ಮೀಟಿಂಗು, ಮಿಷನ್ ತಗೊಳೋಕೆ ಒಂದು ಫೋನ್ ಕಾಲು.

ಎರಡು, ಗ್ಯಾರಿ ಕ್ಲೈನ್ ಅಂತ ಒಬ್ರು ಮನಃಶಾಸ್ತ್ರಜ್ಞರು ಹೇಳೋ ಒಂದು ಉಪಾಯ. ಕೆಲಸ ಶುರು ಮಾಡೋಕೆ ಮುಂಚೆ ಎಲ್ಲರೂ ಕೂತ್ಕೊಂಡು, ಒಂದು ವರ್ಷ ಆಗಿದೆ, ಇದು ಪೂರ್ತಿ ಮುಳುಗೋಗಿದೆ ಅಂತ ಅಂದ್ಕೊಳ್ಳೋದು. ಯಾಕೆ ಮುಳುಗ್ತು ಅಂತ ಪ್ರತಿಯೊಬ್ರೂ ಒಬ್ಬೊಬ್ರೇ ಚೀಟೀಲಿ ಬರೆಯೋದು. ಮುಳುಗಬಹುದಾ ಅಂತ ಕೇಳಿದ್ರೆ ಜನ ಸಂಕೋಚಕ್ಕೆ ಇಲ್ಲ ಬಿಡಿ ಸಾರ್ ಅಂತಾರೆ. ಮುಳುಗಿದೆ, ಯಾಕೆ ಹೇಳಿ ಅಂದ್ರೆ ಒಂದೊಂದೇ ಹೊರಗೆ ಬರುತ್ತೆ. ನಿಮ್ಮ ತಂದೆ ಜೊತೆ ಮಾಡಿ ನೋಡಿ.

ವಡೆ_ಬೇಡ
ಕೆಲಸ ಶುರು ಮಾಡೋಕೆ ಮುಂಚೆನೇ ಮುಳುಗಿದೆ ಅನ್ನೋದಾ, ನಮ್ಮಜ್ಜಿ ಕೇಳಿದ್ರೆ ಅಪಶಕುನ ನುಡೀಬೇಡ ಅಂತ ಪೊರಕೆ ತಗೊಳೋರು.

ರಿಟೈರ್ಡ್_ಕ್ಯಾಶಿಯರ್
ಬಾಗಿಲಿನ ಮಾತು ಚೆನ್ನಾಗಿದೆ. ಐದು ವರ್ಷದ ಅಗ್ರಿಮೆಂಟು, ಅಡ್ವಾನ್ಸ್ ವಾಪಸ್ ಇಲ್ಲ, ಇದು ಹೋದ್ರೆ ಹೋದಂಗೇ ಅನ್ನೋ ಬಾಗಿಲು. ತಿಂಗಳಿಗೆ 70 ಸಾವಿರ ಅಂದ್ರೆ ದಿನಕ್ಕೆ 2,300 ಚಿಲ್ಲರೆ ಬಾಡಿಗೆಗೇ ಹೋಯ್ತು, ಒಂದು ಕಾಫಿ ಮಾರೋಕೆ ಮುಂಚೆ. ಸಂಬಳ, ಗ್ಯಾಸು, ಹಾಲು ಆಮೇಲೆ. ಸೈನ್ ಹಾಕೋಕೆ ಮುಂಚೆ ಆ ಜಾಗದ ಮುಂದೆ ಒಂದು ಕುರ್ಚಿ ಹಾಕ್ಕೊಂಡು ಎರಡು ದಿನ ಕೂತ್ಕೊಳ್ಳಿ, ಎಷ್ಟು ಗಾಡಿ ನಿಲ್ಲುತ್ತೆ ಎಣಿಸಿ. ಓಡಾಡೋ ಗಾಡಿ ಅಲ್ಲ, ನಿಲ್ಲೋ ಗಾಡಿ.

ಮೊದಲ್ಸಪ್ಲಯರ್_ಈಗ್ಡ್ರೈವರ್
ನಾನು ಎಣ್ಸೋದೇ ಬ್ಯಾಡ ಹೇಳ್ತೀನಿ. ನಾನು ಏಳು ವರ್ಷ ಇದೇ ರೋಡಲ್ಲಿ ಬೇರೆ ಹೋಟ್ಲಲ್ಲಿ ಸಪ್ಲಯರ್ ಆಗಿದ್ದೆ, ಈಗ ಟ್ಯಾಕ್ಸಿ ಓಡುಸ್ತೀನಿ, ವಾರಕ್ಕೆ ನಾಲ್ಕು ಸಲ ಬೆಂಗಳೂರು. ಮೇನ್ ರೋಡ್ ಹತ್ತಿದ್ಮೇಲೆ ಎರಡೂ ಕಡೆ ಬೇಲಿ. ನಿಮ್ಮ ಬೋರ್ಡ್ ಕಂಡ್ರೂ ಇಳಿಯೋಕಾಗಲ್ಲ. ಎಕ್ಸಿಟ್ ತಗೊಂಡು, ಸರ್ವಿಸ್ ರೋಡಿಗೆ ಬಂದು, ಹಿಂದಕ್ಕೋ ಮುಂದಕ್ಕೋ ಹೋಗಿ ದೋಸೆ ತಿಂದು ಮತ್ತೆ ಹತ್ಬೇಕು. ಯಾವ ಪ್ಯಾಸೆಂಜರೂ ಒಪ್ಪಲ್ಲ, ಮೈಸೂರಿಗೇ ಹೋಗಿ ತಿನ್ನೋಣ ಬಿಡಪ್ಪ ಅಂತಾರೆ. ಸರ್ವಿಸ್ ರೋಡಲ್ಲಿ ಹೋಟ್ಲು ಅಂದ್ರೆ ಎಕ್ಸ್‌ಪ್ರೆಸ್‌ವೇ ಮೇಲೆ ಹೋಟ್ಲು ಅಂತ ಅಲ್ಲ. ಆ ಓನರ್ ನಿಮಗೆ ಕಾರುಗಳನ್ನ ತೋರ್ಸಿ ಬಾಡಿಗೆ ಕೇಳ್ತಾವ್ರೆ, ಆ ಕಾರುಗಳು ಬೇಲಿ ಆಚೆಗವೆ.

ಇನ್ನೊಂದು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮೇನ್ ರೋಡಲ್ಲಿ ಬ್ಯಾನ್ ಆಯ್ತಲ್ಲ. ಅವರೆಲ್ಲ ಸರ್ವಿಸ್ ರೋಡು, ಹಳೇ ರೋಡಲ್ಲೇ ಓಡಾಡ್ಬೇಕು. ಅವರು ಯಾರು? ನಿಮ್ಮೂರೋರೇ. ನಾನು ಸಪ್ಲಯರ್ ಆಗಿದ್ದಾಗ ಮಧ್ಯಾಹ್ನ ಟ್ರ್ಯಾಕ್ಟರ್ ಡ್ರೈವರ್‌ಗಳು ಬಂದು ಮುದ್ದೆ ಐತಾ ಅಂತ ಕೇಳೋರು. ನಾವು ಇಲ್ಲ, ದೋಸೆ ಐತೆ ಅಂತಿದ್ವಿ. ಅವ್ರು ಹೋಗ್ಬಿಡೋರು. ದಿನಾ ಕೇಳೋರು, ದಿನಾ ಇಲ್ಲ ಅಂತಿದ್ವಿ. ಓನರ್‌ಗೆ ಒಂದ್ಸಲ ಹೇಳ್ದೆ. ಕಾರಲ್ಲಿ ಬರೋರ ಮುಂದೆ ಮುದ್ದೆ ಇಟ್ರೆ ಹೋಟ್ಲಿನ ಲೆವೆಲ್ ಇಳಿಯುತ್ತೆ ಅಂದ್ರು. ಮತ್ತೆ ನಾನು ಹೇಳೋಕೆ ಹೋಗ್ಲಿಲ್ಲ. ನಿಮ್ಮ ಸಪ್ಲಯರ್‌ಗಳನ್ನ ಕೇಳಿ ನೋಡಿ, ಅವ್ರಿಗೆ ಎಲ್ಲ ಗೊತ್ತಿರುತ್ತೆ, ಯಾರೂ ಕೇಳಿರಲ್ಲ ಅಷ್ಟೇ.

ಹಳೇಹೈವೇ_ಹುಡ್ಗ
ಅಣ್ಣ, ಬೇಲಿ ಆಚೆಗವೆ ಅಂದ್ರಲ್ಲ, ಓದಿ ಎರಡು ನಿಮಿಷ ಸುಮ್ನೆ ಕೂತಿದ್ದೆ. ನಾಳೆ ಹುಡುಗರನ್ನ ಕೇಳ್ತೀನಿ.

ಕುಚ್ಚು_ಕಸೂತಿ
ನಾನು ಮೈಸೂರು, ಮನೇಲೇ ಬ್ಲೌಸ್ ಹೊಲಿಗೆ, ಸೀರೆಗೆ ಕುಚ್ಚು ಕಟ್ಟೋದು, ಮೂರು ಜನ ಹೆಣ್ಮಕ್ಕಳು ನನ್ನ ಹತ್ರ ಕೆಲಸ ಮಾಡ್ತಾರೆ. ತಮ್ಮ, ಒಂದು ಎಚ್ಚರಿಕೆ ಹೇಳ್ತೀನಿ. ಕಷ್ಟ ಬಂದಾಗ ದಾರಿ ಬದಲಾಯ್ಸಿ ಗೆದ್ದವರ ಕಥೆ ಎಲ್ರೂ ಹೇಳ್ತಾರೆ. ನಮ್ಮೂರಲ್ಲೇ ಇದೆ, 1914ರಲ್ಲಿ ಮಹಾಯುದ್ಧ ಶುರುವಾಗಿ ಹೊರದೇಶಕ್ಕೆ ಗಂಧದ ಕೊರಡು ಹೋಗೋದು ನಿಂತೋಯ್ತು, ಮರ ರಾಶಿ ಬಿತ್ತು, ಆಗ ನಾವೇ ಎಣ್ಣೆ ತೆಗೆಯೋಣ ಅಂತ ಗಂಧದೆಣ್ಣೆ ಫ್ಯಾಕ್ಟರಿ, ಆಮೇಲೆ ಸೋಪು. ಚೆಂದದ ಕಥೆ. ನಾನೂ ಅದನ್ನೇ ನೆನೆಸ್ಕೊಂಡು 2020ರಲ್ಲಿ ಮದುವೆಗಳೆಲ್ಲ ನಿಂತು ಒಂದೂ ಬ್ಲೌಸ್ ಆರ್ಡರ್ ಇಲ್ದಾಗ ಮಾಸ್ಕ್ ಹೊಲಿಯೋಕೆ ಶುರು ಮಾಡ್ದೆ. ಮೂರು ತಿಂಗಳು ಚೆನ್ನಾಗಿ ಹೋಯ್ತು. ನಾನೇ ಬುದ್ಧಿವಂತೆ ಅಂತ ಅನ್ಕೊಂಡು ಒಡವೆ ಇಟ್ಟು ಮೂಟೆಗಟ್ಟಲೆ ಕಾಟನ್ ತಂದೆ. ಅಷ್ಟರಲ್ಲಿ ಬೀದಿಬೀದೀಲಿ ಹತ್ತು ರೂಪಾಯಿಗೆ ಮಾಸ್ಕ್. ಆ ಬಟ್ಟೆ ಇನ್ನೂ ನಮ್ಮ ಮಂಚದ ಕೆಳಗಿದೆ, ದಿಂಬಿನ ಕವರ್ ಹೊಲಿದು ಹೊಲಿದು ನೆಂಟರಿಗೆಲ್ಲ ಕೊಟ್ಟು ಆಯ್ತು.

ದಾರಿ ಬದಲಾಯ್ಸಿದ್ದು ತಪ್ಪಲ್ಲ. ಮೊದಲ ಮೂರು ತಿಂಗಳು ಇದ್ದ ಬಟ್ಟೇಲೇ ಹೊಲಿದೆ, ಅದು ಸರಿ. ಗೆದ್ದೆ ಅಂತ ಅನ್ಸಿದ ಕ್ಷಣದಲ್ಲೇ ಒಡವೆ ಇಟ್ಟೆ ನೋಡಿ, ಅಲ್ಲಿ ಎಡವಿದ್ದು. ಅದಕ್ಕೇ ಮುದ್ದೆ ಮಾಡೋದಾದ್ರೆ ಇರೋ ಪಾತ್ರೇಲಿ ಮಾಡಿ, ಮುದ್ದೆ ಮಿಷನ್ ಆಮೇಲೆ ತಗೊಳ್ಳಿ.

ಆಲೆಮನೆ_ಅಚ್ಚು
ಅಕ್ಕ ಸರ್ಯಾಗ್ ಹೇಳುದ್ರಿ. ಸೋತಾಗಿಂತ ಒಸಿ ಗೆದ್ದಾಗ್ಲೇ ಮನ್ಸ ಕೆಡಾದು.

ಹಳೇಹೈವೇ_ಹುಡ್ಗ
ಹತ್ತು ದಿನ ಆಯ್ತು, ಏನೇನಾಯ್ತು ಹೇಳ್ತೀನಿ.

ಕ್ಯಾಶಿಯರ್ ಸಾರ್ ಹೇಳಿದಂಗೆ ಆ ಜಾಗದ ಮುಂದೆ ಶನಿವಾರ ಭಾನುವಾರ ಕೂತಿದ್ದೆ, ಬೇವಿನ ಮರದ ಕೆಳಗೆ, ಬೈಕ್ ಮೇಲೆ. ಎರಡು ದಿನದಲ್ಲಿ ಅಲ್ಲಿ ನಿಂತ ಕಾರು ಹನ್ನೊಂದು. ಅದರಲ್ಲಿ ನಾಲ್ಕು ಪಂಚರ್ರು, ಇಬ್ರು ದಾರಿ ಕೇಳಿದ್ರು. ಬೇಲಿ ಆಚೆ ಝುಂಯ್ ಅಂತ ಸಾವಿರಾರು ಹೋಗ್ತಾನೇ ಇತ್ತು.

ಆಮೇಲೆ ನಮ್ಮ ಹೋಟ್ಲಲ್ಲಿ ಒಂದು ವಾರ ಬಿಲ್ ಬುಕ್ ಪಕ್ಕ ಒಂದು ನೋಟ್‌ಬುಕ್ ಇಟ್ಟು ಪ್ರತಿ ಗಿರಾಕಿಗೂ ಒಂದು ಗೀಟು, ಊರೋರು ಒಂದು ಕಡೆ, ದಾರೀಲಿ ಹೋಗೋರು ಇನ್ನೊಂದು ಕಡೆ. ನಾನು ಅಂದ್ಕೊಂಡಿದ್ದು ಎಲ್ಲಾ ಬಿದ್ದೋಗಿದೆ ಅಂತ. ಗೀಟು ನೋಡಿದ್ರೆ ಬೆಳಗ್ಗೆ ಎಂಟರೊಳಗೆ ಬರೋ ಜನ ಕಮ್ಮಿನೇ ಆಗಿಲ್ಲ. ಐಟಿಐ ಹುಡುಗರು, ಹಾಲಿನ ಡೈರಿಯವರು, ವಾಕಿಂಗ್ ಬರೋ ಮೇಷ್ಟ್ರುಗಳು. ಅವರು ಯಾವಾಗ್ಲೂ ಇದ್ರು, ಕಾರುಗಳ ಗಲಾಟೇಲಿ ನಮಗೆ ಕಾಣ್ತಿರಲಿಲ್ಲ. ಭಾನುವಾರ ಅವರನ್ನ ಸ್ವಲ್ಪ ಇರಿ ಇರಿ ಅಂತ ನಿಲ್ಲಿಸಿ ಕಾರಿನವರಿಗೆ ಟೇಬಲ್ ಕೊಡ್ತಿದ್ವಿ ಅಂತ ನೆನೆಸ್ಕೊಂಡ್ರೆ ಈಗ ನಾಚಿಕೆ ಆಗುತ್ತೆ. ಸತ್ತಿರೋದು ಹೈವೇ ಹೋಟ್ಲು. ಊರಿನ ಹೋಟ್ಲು ಇನ್ನೂ ಶುರುನೇ ಆಗಿಲ್ಲ.

ಸಪ್ಲಯರ್ ಅಣ್ಣನ ಮಾತಿನಂತೆ ಹುಡುಗರನ್ನ ಕೇಳಿದೆ. ನಮ್ಮಲ್ಲಿ ಹದಿನಾಲ್ಕು ವರ್ಷದಿಂದ ಇರೋ ಭಟ್ರು ದೋಸೆ ಹುಯ್ತಾ ಹುಯ್ತಾ ತಿರುಗಿ ಕೂಡ ನೋಡದೆ, "ಮುದ್ದೆ ಕೇಳ್ತಾರಲ್ಲ, ದಿನಾ ಒಂದಿಪ್ಪತ್ತು ಜನ" ಅಂದ್ರು. ಯಾಕೆ ಭಟ್ರೇ ಹೇಳ್ಲಿಲ್ಲ ಇಷ್ಟು ದಿನ ಅಂದೆ. "ನೀವು ಕೇಳ್ದಾಗ ಹೇಳ್ದೆನಲ್ಲ."

ಮೊದಲ್ಸಪ್ಲಯರ್_ಈಗ್ಡ್ರೈವರ್
😂😂 ಎಲ್ಲಾ ಹೋಟ್ಲಲ್ಲೂ ಇದೇ.

ಎಚ್ಚಾರ್_ಹೆಬ್ಬಾಳು
ನಮ್ಮಲ್ಲಿ ಸಜೆಶನ್ ಬಾಕ್ಸ್ ಇದೆ, ಬೀಗ ಹಾಕಿ ಗೋಡೆಗೆ ಹೊಡೆದಿದಾರೆ. ಕೀ ಎಲ್ಲಿದೆ ಅಂತ ನನಗೇ ಗೊತ್ತಿಲ್ಲ, ನಾನೇ ಎಚ್ಚಾರು. ಅದಿರ್ಲಿ, ಚೀಟಿ ಬರೆಸಿದ್ರಾ?

ಹಳೇಹೈವೇ_ಹುಡ್ಗ
ಬರೆಸಿದೆ ಸಾರ್. ಅದನ್ನ ಹೇಳ್ಬೇಕೋ ಬೇಡ್ವೋ ಅಂತ ಯೋಚನೆ ಮಾಡ್ತಿದ್ದೆ.

ರಾತ್ರಿ ಶಟರ್ ಎಳೆದ್ಮೇಲೆ ನಾನು, ಅಪ್ಪ, ಅಮ್ಮ, ಭಟ್ರು ಕೂತ್ವಿ. ಮುಂದಿನ ಯುಗಾದಿ ಹೊತ್ತಿಗೆ ಹೋಟ್ಲು ಮುಚ್ಚಿದೆ ಅಂತ ಅನ್ಕೊಳ್ಳಿ, ಯಾಕೆ ಮುಚ್ಚಿತು ಬರೀರಿ ಅಂದೆ. ಅಮ್ಮ ಶಾಸ್ತ್ರ ಎಲ್ಲ ಹೇಳಿ ಬೈದ್ರು, ವಡೆ ಬೇಡ ಅಣ್ಣನ ಅಜ್ಜಿ ಥರಾನೇ, ಆಮೇಲೆ ಬರೆದ್ರು. ನಾನು ಬರೆದಿದ್ದು, ಸಾಲದ ಕಂತು. ಭಟ್ರು, ಬೆಳಗಿನ ಜಾವ ರುಬ್ಬೋಕೆ ಹುಡುಗ್ರು ಸಿಗಲ್ಲ. ಅಮ್ಮ, ಅಪ್ಪನ ಆರೋಗ್ಯ. ಅಪ್ಪನ ಚೀಟಿ ಕೊನೆಗೆ ಬಿಚ್ಚಿದೆ. ಬಿಲ್ ಬುಕ್ಕಿನ ಹಿಂದೆ ಲೆಕ್ಕ ಬರೆಯೋ ಅದೇ ಅಕ್ಷರದಲ್ಲಿ ಎರಡೇ ಪದ. "ಮಗ ಹೋದ."

ನಾನು ಒಂದು ತಿಂಗಳ ಹಿಂದೆ ಬೆಂಗಳೂರಿನ ಹಳೇ ಕಂಪನಿಗೆ ಫೋನ್ ಮಾಡಿದ್ದೆ, ಕೆಲಸ ಇದ್ಯಾ ಅಂತ. ಅಪ್ಪನಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ. ಹೊಸ ಜಾಗಕ್ಕೆ ಯಾಕೆ ಒಪ್ತಿಲ್ಲ, ಕ್ಯಾಶ್ ಟೇಬಲ್ ಯಾಕೆ ಬಿಟ್ಕೊಡ್ತಿಲ್ಲ, ಎಲ್ಲದಕ್ಕೂ ಹಠ ಅಂತ ಹೆಸರಿಟ್ಟಿದ್ದೆ ನಾನು.

ಕಟ್ಟೆ_ನೀರು
ಓದಿ ಸುಮ್ಮನಾದೆ.

ಒಂದು ನೆನಪಾಯ್ತು, ಪಾಠ ಅಂತ ತಿಳೀಬೇಡಿ. 1894ರ ಡಿಸೆಂಬರಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ತೀರಿಕೊಂಡಾಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಮಗ ನಾಲ್ವಡಿಯವರಿಗೆ ಹತ್ತು ವರ್ಷ. ರೀಜೆಂಟ್ ಆಗಿ ರಾಜ್ಯ ನೋಡ್ಕೊಂಡ್ರು. 1897ರಲ್ಲಿ ಮಗಳ ಮದುವೆ ಸಮಯದಲ್ಲೇ ಮರದ ಅರಮನೆಗೆ ಬೆಂಕಿ ಬಿತ್ತು. ಅದೇ ವರ್ಷವೇ ಹೊಸ ಅರಮನೆ ಕೆಲಸ ಶುರು. ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಗಿದ್ದೂ ಅವರ ಕಾಲದ ಕೊನೇಲಿ, 1902ರಲ್ಲಿ. ನನಗೆ ಇವಕ್ಕಿಂತ ದೊಡ್ಡದು ಅನ್ಸೋದು 1902ರ ಆಗಸ್ಟು. ಮಗನಿಗೆ ಹದಿನೆಂಟಾಯ್ತು, ಅಧಿಕಾರ ಕೊಟ್ಟು ಪಕ್ಕಕ್ಕೆ ಸರಿದ್ರು. ಎಂಟು ವರ್ಷ ನಡೆಸಿದ ಕೈಗೆ ಅದು ಸುಲಭ ಅಲ್ಲ. ಅವರಿಗೂ ಮಗ ಎಲ್ಲೂ ಹೋಗಲ್ಲ ಅಂತ ಗೊತ್ತಿತ್ತು ಅನ್ನೋದು ಬೇರೆ ಮಾತು.

ಎಲೆ_ಅಡಿಕೆ
ಮೇಷ್ಟ್ರೇ ಕೊನೇ ಲೈನು ಸರಿಯಾಗಿ ಹಾಕಿದ್ರಿ. ಕೊಡೋರು ಕೊಡ್ಲಿಲ್ಲ ಅಂತ ಎಲ್ರೂ ಬೈತಾರೆ. ತಗೊಳೋನು ಒಂದು ಕಾಲು ಬೆಂಗಳೂರಲ್ಲಿ ಇಟ್ಕೊಂಡು ನಿಂತಿದ್ರೆ ಅವರಾದ್ರೂ ಯಾರ ಕೈಗೆ ಕೊಡ್ಬೇಕು.

ಹಳೇಹೈವೇ_ಹುಡ್ಗ
ನಿಜ ಅಕ್ಕ.

ವಡೆ_ಬೇಡ
ಎರಡು ತಿಂಗಳಾಯ್ತು, ಏನಾಯ್ತು ಮಾರಾಯಾ? ದಿನಾ ಬಂದು ನೋಡ್ತಿದೀನಿ ಇಲ್ಲಿ.

ಹಳೇಹೈವೇ_ಹುಡ್ಗ
ಕ್ಷಮಿಸಿ, ಕೆಲಸ ಜಾಸ್ತಿ ಆಗೋಗಿತ್ತು. ಸರ್ವಿಸ್ ರೋಡ್ ಜಾಗ ಬೇಡ ಅಂತ ಹೇಳ್ಬಿಟ್ವಿ. ಬೆಂಗಳೂರಿಗೂ ಫೋನ್ ಮಾಡಿ ಬರಲ್ಲ ಅಂದೆ, ಅಪ್ಪನ ಎದುರಿಗೇ.

ಮಧ್ಯಾಹ್ನ ಹನ್ನೆರಡೂವರೆಯಿಂದ ಮುದ್ದೆ ಊಟ ಶುರು ಮಾಡಿದೀವಿ. ಕುಚ್ಚು ಅಕ್ಕ ಹೇಳಿದಂಗೆ ಇರೋ ಪಾತ್ರೇಲೇ, ಮಿಷನ್ ಇಲ್ಲ, ಅಮ್ಮನೇ ತೊಳಸ್ತಾರೆ. ಒಂದಿನ ಬಸ್ಸಾರು, ಒಂದಿನ ಉಪ್ಸಾರು, ಒಂದಿನ ಮಸ್ಸೊಪ್ಪು. ಮೊದಲ ದಿನ ಮೂವತ್ತು ಮುದ್ದೆ ಮಾಡಿ ಹದಿನೆಂಟು ಹೋಯ್ತು, ಮೂರನೇ ವಾರಕ್ಕೆ ಎಪ್ಪತ್ತಕ್ಕೆ ಬಂತು, ಅಲ್ಲೇ ನಿಂತಿದೆ, ಜಾಸ್ತಿ ಆಗ್ತಿಲ್ಲ. ಹೈವೇ ಟೈಮಿನ ದುಡ್ಡು ಬರಲ್ಲ, ಅರ್ಧನೂ ಇಲ್ಲ. ಕಂತು ಕಟ್ಟಿ, ಸಂಬಳ ಕೊಟ್ಟು ಹೋದ ತಿಂಗಳು ನಾಲ್ಕು ಸಾವಿರ ಉಳೀತು. ಅದಕ್ಕೆ ಮುಂಚಿನ ತಿಂಗಳು ಕೈಯಿಂದ ಹಾಕಿದ್ವಿ. ಆಲೆಮನೆ ಅಣ್ಣನ ಥರ ನಾನೂ ಅಡುಗೆಮನೆ ಗೋಡೆ ಮೇಲೆ ಬರೆದಿದೀನಿ, ಇಂಥ ತಾರೀಕು, ಮುದ್ದೆ, ಯಾಕೆ ಅಂತ, ಯುಗಾದಿಗೆ ದಿನಕ್ಕೆ ನೂರು ದಾಟದಿದ್ರೆ ಮತ್ತೆ ಕೂತು ಮಾತಾಡೋದು ಅಂತ. ಅಪ್ಪ ಅದರ ಕೆಳಗೆ ಸೈನ್ ಹಾಕಿದಾರೆ, ಬ್ಯಾಂಕಲ್ಲಿ ಹಾಕೋ ಹಂಗೆ.

ಆಲೆಮನೆ_ಅಚ್ಚು
ಒಲೆ ಪಕ್ಕ ಬರೀಬ್ಯಾಡಿ ಅಣ್ಣ.

ಮೊದಲ್ಸಪ್ಲಯರ್_ಈಗ್ಡ್ರೈವರ್
ಉಪ್ಸಾರು ಯಾವ ವಾರ? ಪ್ಯಾಸೆಂಜರ್ ಇಳಿಸಿ ಖಾಲಿ ಬರೋವಾಗ ಹಳೇ ರೋಡಲ್ಲೇ ಬರ್ತೀನಿ.

ಹಳೇಹೈವೇ_ಹುಡ್ಗ
ಬುಧವಾರ ಅಣ್ಣ. ಒಂದು ಗಂಟೆ ಒಳಗೆ ಬನ್ನಿ, ಆಮೇಲೆ ಖಾರ ಖಾಲಿ ಆಗ್ಬಿಡುತ್ತೆ.

ರಿಟೈರ್ಡ್_ಕ್ಯಾಶಿಯರ್
ಮಗು, ಮೇಲಿನ ಎಸಿ ಹಾಲ್ ಏನ್ ಮಾಡಿದ್ರಿ? ಟ್ಯೂಶನ್ನಿಗೋ ಸಣ್ಣ ನಾಮಕರಣಕ್ಕೋ ಬಾಡಿಗೆ ಕೊಡಬಹುದಲ್ಲ.

ಹಳೇಹೈವೇ_ಹುಡ್ಗ
ಸದ್ಯಕ್ಕೆ ಬೀಗ ಹಾಕಿದೀವಿ ಸಾರ್. ಕೀ ಅಪ್ಪನ ಹತ್ರ ಇದೆ, ನಾನು ಕೇಳಿಲ್ಲ. ನಿನ್ನೆ ಅಂಗಡಿ ಮುಚ್ಚಿದ್ಮೇಲೆ ಮೇಲೆ ಲೈಟ್ ಉರೀತಿತ್ತು, ಹೋಗಿ ನೋಡಿದ್ರೆ ಒಬ್ರೇ ಕುರ್ಚಿಗಳ ಧೂಳು ಒರೆಸ್ತಿದ್ರು.